ಹಳೇ ಗೊಂಬೆಮನೆಯ ಪ್ಲಾಸ್ಟಿಕ್ ಸಾಮಾನು: ಯಾವುದನ್ನು ತೊಳೆಯಬಹುದು, ಯಾವುದನ್ನು ಮುಟ್ಟಬಾರದು?

ಪುಟ್ಟಕೋಣೆ

ಎಲ್ಲರಿಗೂ ನಮಸ್ಕಾರ. ಹಳೇ ಗೊಂಬೆಮನೆ ಒಂದು ಕೈಗೆ ಬಂದಿದೆ. ಎರಡು ಅಂತಸ್ತಿನ ತಗಡಿನ ಮನೆ. ಕಿಟಕಿ ಪರದೆ, ಗೋಡೆ ಚಿತ್ರ, ನೆಲದ ಜಮಖಾನ ಎಲ್ಲಾ ತಗಡಿನ ಮೇಲೆಯೇ ಅಚ್ಚಾಗಿದೆ. ಜೊತೆಗೆ ಒಂದು ಡಬ್ಬಿ ತುಂಬಾ ಪ್ಲಾಸ್ಟಿಕ್ ಸಾಮಾನು: ಮಂಚ, ಸೋಫಾ, ಊಟದ ಮೇಜು, ಒಲೆ, ಫ್ರಿಜ್, ಹೊಲಿಗೆ ಮಿಷನ್ನು, ಸ್ನಾನದ ತೊಟ್ಟಿ. ಕೆಲವು ಗಟ್ಟಿ ಪ್ಲಾಸ್ಟಿಕ್, ಉಗುರಲ್ಲಿ ತಟ್ಟಿದರೆ ಟಿಂಗ್ ಅನ್ನುತ್ತವೆ. ಕೆಲವು ಮೆತ್ತಗಿವೆ, ಬಗ್ಗಿಸಿದರೆ ಬಗ್ಗುತ್ತವೆ. ಕೆಲವುದರ ಅಡಿಯಲ್ಲಿ ರೆನ್ವಾಲ್ ಅಂತ ಹೆಸರು ಮತ್ತು ಒಂದು ನಂಬರ್ ಇದೆ, ಕೆಲವುದರಲ್ಲಿ ವೃತ್ತದೊಳಗೆ ದೊಡ್ಡ ಎಕ್ಸ್ ಇರುವ ಗುರುತು, ಉಳಿದವಕ್ಕೆ ಏನೂ ಇಲ್ಲ.

ತೊಂದರೆಗಳು ಇವು. ಬಿಳಿ ಅಡುಗೆಮನೆ ಸಾಮಾನು ಹಳದಿಗಟ್ಟಿದೆ. ಒಂದು ಕುರ್ಚಿಯ ಕಾಲು ಮುರಿದಿದೆ, ಮುರಿದ ಚೂರು ಡಬ್ಬಿಯಲ್ಲೇ ಸಿಕ್ಕಿತು. ಒಂದು ಮೇಜಿನ ಹಲಗೆ ಸೊಟ್ಟಗಾಗಿದೆ, ಮೂಗಿನ ಹತ್ತಿರ ಹಿಡಿದರೆ ಹುಳಿ ವಾಸನೆ ಬರುತ್ತದೆ. ಸೋಫಾ ಮೇಲೆ ಯಾವುದೋ ಗೊಂಬೆಯನ್ನು ವರ್ಷಗಟ್ಟಲೆ ಕೂರಿಸಿದ್ದರು ಅನ್ಸುತ್ತೆ, ಅದರ ಎರಡು ಕಾಲಿನ ಅಚ್ಚು ಕರಗಿದ ಹಾಗೆ ಒಳಗೆ ಇಳಿದಿದೆ. ಇನ್ನೊಂದು ವಿಷಯ, ಎಲ್ಲಾ ಸಾಮಾನು ಒಂದೇ ಅಳತೆಯವು ಅಲ್ಲ. ಕೆಲವು ಮಂಚಗಳ ಪಕ್ಕದಲ್ಲಿ ಕೆಲವು ಕುರ್ಚಿ ತೀರಾ ಚಿಕ್ಕದಾಗಿ ಕಾಣುತ್ತವೆ.

ಹೊಸದರ ಹಾಗೆ ಮಾಡಬೇಕು ಅಂತ ಆಸೆ ಇಲ್ಲ. ಇರುವುದು ಇನ್ನೂ ಹಾಳಾಗಬಾರದು, ಮನೆಯನ್ನು ಸರಿಯಾಗಿ ಜೋಡಿಸಿಡಬೇಕು, ಅಷ್ಟೇ. ಎಲ್ಲಿಂದ ಶುರು ಮಾಡಲಿ?

ಅಚ್ಚುಗುರುತು

ಒಳ್ಳೇ ಡಬ್ಬಿ ಸಿಕ್ಕಿದೆ ನಿಮಗೆ! ರೆನ್ವಾಲ್ ಅಂದರೆ ನ್ಯೂಯಾರ್ಕ್ ರಾಜ್ಯದ ಮಿನಿಯೋಲಾದಲ್ಲಿದ್ದ ಕಂಪನಿ. ಎರಡನೇ ಮಹಾಯುದ್ಧ ಮುಗಿದ ಮೇಲೆ ಗಟ್ಟಿ ಪ್ಲಾಸ್ಟಿಕ್‌ನಲ್ಲಿ ಬಹಳ ಚೆಂದದ ಗೊಂಬೆಮನೆ ಸಾಮಾನು ಮಾಡಿದವರು. ಬಾಗಿಲು ತೆರೆಯುತ್ತವೆ, ಡ್ರಾಯರ್ ಹೊರಗೆ ಬರುತ್ತದೆ. ಅಡಿಯಲ್ಲಿರುವ ನಂಬರ್ ಆ ಸಾಮಾನಿನ ಮಾದರಿ ಸಂಖ್ಯೆ. ಬರೆದಿಟ್ಟುಕೊಳ್ಳಿ, ಮುಂದೆ ಜೋಡಿ ಹುಡುಕುವಾಗ ಅದೇ ಆಧಾರ. ವೃತ್ತದೊಳಗಿನ ಎಕ್ಸ್ ಗುರುತು ಲೂಯಿ ಮಾರ್ಕ್ಸ್ ಅನ್ನುವ ಅಮೆರಿಕದ ಆಟಿಕೆ ಕಂಪನಿಯದು. ನಿಮ್ಮ ತಗಡಿನ ಮನೆಯೂ ಅವರದೇ ಇರಬಹುದು. ಅವರು ಅಂಥ ಅಚ್ಚು ಹಾಕಿದ ತಗಡಿನ ಮನೆಗಳನ್ನು ಪ್ಲಾಸ್ಟಿಕ್ ಸಾಮಾನಿನ ಜೊತೆಗೆ ಸೆಟ್ ಮಾಡಿ ಮಾರುತ್ತಿದ್ದರು. ಆದರೆ ಬೇರೆಯವರೂ ತಗಡಿನ ಮನೆ ಮಾಡಿದ್ದಾರೆ, ಹಾಗಾಗಿ ಮನೆಯ ಮೇಲೆಯೂ ಗುರುತು ಹುಡುಕಿ. ಹೊರಗೋಡೆಯ ಕೆಳ ಅಂಚಿನಲ್ಲಿ ಸಣ್ಣದಾಗಿ ಇರಬಹುದು.

ಅಳತೆಯ ವಿಷಯ ನೀವು ಸರಿಯಾಗಿಯೇ ಗಮನಿಸಿದ್ದೀರಿ. ಆ ಕಾಲದ ಪ್ಲಾಸ್ಟಿಕ್ ಸಾಮಾನಿನಲ್ಲಿ ಎರಡು ಅಳತೆ ಜಾಸ್ತಿ ಸಿಗುತ್ತವೆ. ಒಂದು, ನಿಜವಾದ 1 ಅಡಿಗೆ ಮುಕ್ಕಾಲು ಇಂಚು, ಅಂದರೆ 1:16. ರೆನ್ವಾಲ್ ಸಾಮಾನು ಈ ಅಳತೆಯದು. ಇನ್ನೊಂದು, 1 ಅಡಿಗೆ ಅರ್ಧ ಇಂಚು, ಅಂದರೆ 1:24. ಮಾರ್ಕ್ಸ್ ಎರಡನ್ನೂ ಮಾಡಿತು, ಚಿಕ್ಕ ಮನೆಗೆ ಚಿಕ್ಕ ಸಾಮಾನು, ದೊಡ್ಡ ಮನೆಗೆ ದೊಡ್ಡದು. ಸ್ವೀಡನ್ನಿನ ಲುಂಡ್ಬಿ ಕಂಪನಿಯ ಗೊಂಬೆಮನೆ ಸಾಮಾನು 1:18, ಅದು ಇವೆರಡರ ನಡುವೆ ಕೂರುತ್ತದೆ.

ಊಟದ ಮೇಜನ್ನು ಅಳೆದು ನೋಡಿ. ನಿಜವಾದ ಮೇಜು ಸುಮಾರು 75 ಸೆಂ.ಮೀ. ಎತ್ತರ ಇರುತ್ತದೆ. 1:16 ಆದರೆ 4.7 ಸೆಂ.ಮೀ. ಹತ್ತಿರ ಬರಬೇಕು, 1:24 ಆದರೆ 3.1. ಆಟಿಕೆ ಮಾಡುವವರು ಇದನ್ನು ಕೂದಲೆಳೆಯಷ್ಟು ನಿಖರವಾಗಿ ಪಾಲಿಸಿಲ್ಲ, ಆದರೂ ಯಾವ ಗುಂಪಿಗೆ ಸೇರಿದ್ದು ಅಂತ ತಿಳಿಯಲು ಇಷ್ಟು ಸಾಕು. ಆಮೇಲೆ ಮನೆಯ ಬಾಗಿಲಿನ ಎತ್ತರ ಅಳೆಯಿರಿ, ಯಾವ ಗುಂಪು ಆ ಮನೆಯದು ಅಂತ ಅಲ್ಲೇ ಗೊತ್ತಾಗುತ್ತದೆ. ನನ್ನ ಅನಿಸಿಕೆ, ಎರಡೂ ಗುಂಪುಗಳನ್ನು ಒಂದೇ ಕೋಣೆಯಲ್ಲಿ ಇಡಬೇಡಿ. ಸಾಮಾನು ಎಷ್ಟೇ ಚೆನ್ನಾಗಿದ್ದರೂ ಕಣ್ಣು ಒಪ್ಪುವುದಿಲ್ಲ.

ನಿಧಾನಗಾರ

ಮೇಲಿನವರು ಯಾರು ಮಾಡಿದ್ದು ಅಂತ ಹೇಳಿದರು. ಅದಕ್ಕಿಂತ ಮುಖ್ಯವಾದ ಪ್ರಶ್ನೆ, ಯಾವ ಪ್ಲಾಸ್ಟಿಕ್ ಅಂತ. ಅದು ತಿಳಿಯದೆ ಸೋಪು, ಅಂಟು, ಏನನ್ನೂ ಹತ್ತಿರ ತರಬೇಡಿ. ಒಂದಕ್ಕೆ ಔಷಧಿ ಆಗುವುದು ಇನ್ನೊಂದಕ್ಕೆ ವಿಷ.

ನಿಮ್ಮ ಡಬ್ಬಿಯಲ್ಲಿ ಮೂರು ಬಗೆ ಇದ್ದ ಹಾಗಿದೆ. ಟಿಂಗ್ ಅನ್ನುವ ಗಟ್ಟಿಯದು ಪಾಲಿಸ್ಟೈರೀನ್. ಬಗ್ಗುವ ಮೆತ್ತನೆಯದು ಪಾಲಿಎಥಿಲೀನ್. ಹುಳಿ ವಾಸನೆಯ ಆ ಸೊಟ್ಟ ಮೇಜು ಬಹುಮಟ್ಟಿಗೆ ಸೆಲ್ಯುಲೋಸ್ ಅಸಿಟೇಟ್. 1940ರ ದಶಕದಲ್ಲಿ ಇದನ್ನು ಆಟಿಕೆಗಳಿಗೆ ಬಳಸುತ್ತಿದ್ದರು.

ಅನುಮಾನ ಇದ್ದರೆ ನೀರಲ್ಲಿ ಹಾಕಿ ನೋಡಬಹುದು. ಪಾಲಿಎಥಿಲೀನ್ ನೀರಿಗಿಂತ ಹಗುರ, ತೇಲುತ್ತದೆ. ಪಾಲಿಸ್ಟೈರೀನ್ ಸ್ವಲ್ಪ ಭಾರ, ಸಾದಾ ನೀರಲ್ಲಿ ಮುಳುಗುತ್ತದೆ, ಆದರೆ ಇನ್ನು ಕರಗುವುದೇ ಇಲ್ಲ ಅನ್ನುವಷ್ಟು ಉಪ್ಪು ಹಾಕಿದ ನೀರಲ್ಲಿ ತೇಲುತ್ತದೆ. ಅಸಿಟೇಟ್ ಆ ಉಪ್ಪುನೀರಲ್ಲೂ ಮುಳುಗುತ್ತದೆ. ಸಾಮಾನಿನ ಅಡಿ ಟೊಳ್ಳು ಇದ್ದರೆ ಗಾಳಿಗುಳ್ಳೆ ಸಿಕ್ಕಿಕೊಂಡು ತಪ್ಪು ಉತ್ತರ ಕೊಡುತ್ತದೆ, ಓರೆಯಾಗಿ ಮುಳುಗಿಸಿ ಗುಳ್ಳೆ ಬಿಡಿಸಿ. ಪರೀಕ್ಷೆ ಅರೆಕ್ಷಣದ್ದು. ತಕ್ಷಣ ಸಾದಾ ನೀರಲ್ಲಿ ಜಾಲಿಸಿ ಒರೆಸಿ. ಲೋಹದ ಕಡ್ಡಿ, ರಿವೆಟ್, ಕಾಗದದ ಸ್ಟಿಕ್ಕರ್, ಬಟ್ಟೆ ಇರುವುದನ್ನು ನೀರಿಗೆ ಹಾಕಲೇಬೇಡಿ. ಈಗಾಗಲೇ ಹುಳಿ ವಾಸನೆ ಬರುವುದಕ್ಕೂ ಈ ಪರೀಕ್ಷೆ ಬೇಡ, ವಾಸನೆಯೇ ಉತ್ತರ ಕೊಟ್ಟಿದೆ.

ಆ ಮೇಜಿನ ಬಗ್ಗೆ ಇವತ್ತೇ ಒಂದು ಕೆಲಸ ಮಾಡಿ. ಅದನ್ನು ಡಬ್ಬಿಯಿಂದ ತೆಗೆದು ಬೇರೆ ಇಡಿ. ಅಸಿಟೇಟ್ ಒಡೆಯುತ್ತಾ ಹೋದಾಗ ಅಸಿಟಿಕ್ ಆಮ್ಲ ಹೊರಗೆ ಬರುತ್ತದೆ, ವಿನೆಗರ್‌ನಲ್ಲಿ ಇರುವುದೂ ಅದೇ. ಆ ಆಮ್ಲ ಅಲ್ಲೇ ನಿಂತರೆ ಒಡೆಯುವ ವೇಗ ಇನ್ನೂ ಹೆಚ್ಚುತ್ತದೆ. ಪಕ್ಕದಲ್ಲಿ ಅಸಿಟೇಟ್ ಸಾಮಾನು ಇದ್ದರೆ ಅದಕ್ಕೂ ತಗಲುತ್ತದೆ, ಲೋಹ ಇದ್ದರೆ ತುಕ್ಕು ಹಿಡಿಯುತ್ತದೆ. ಹಳೇ ಸಿನಿಮಾ ರೀಲುಗಳು ಹಾಳಾಗುವುದೂ ಇದೇ ಕಾರಣಕ್ಕೆ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಮುಚ್ಚಿಡುವುದು ಕೆಟ್ಟದ್ದು. ತಂಪಾದ, ಒಣಗಿದ, ಗಾಳಿಯಾಡುವ ಜಾಗ ಬೇಕು. ಸೊಟ್ಟಗಾದ ಹಲಗೆ ನೆಟ್ಟಗಾಗುವುದಿಲ್ಲ. ಅದನ್ನು ಮೆದುವಾಗಿ ಇಟ್ಟಿದ್ದ ಪದಾರ್ಥವೇ ಹೊರಟುಹೋಗಿ ಹಲಗೆ ಕುಗ್ಗಿದೆ. ಬಿಸಿ ಮಾಡಿ ಒತ್ತಿದರೆ ಬಿರುಕು ಬಿಡುತ್ತದೆ. ನಿಧಾನವಾಗಿ ಹೋಗುವುದನ್ನು ಇನ್ನೂ ನಿಧಾನ ಮಾಡಬಹುದು, ಅಷ್ಟೇ.

ಸೋಫಾ ಮೇಲಿನ ಅಚ್ಚಿಗೆ ಕಾರಣ ಗೊಂಬೆಯ ಮೆತ್ತನೆ ಪಿವಿಸಿ ಪ್ಲಾಸ್ಟಿಕ್. ಅದನ್ನು ಮೆತ್ತಗೆ ಮಾಡಲು ಎಣ್ಣೆಯಂಥ ಪದಾರ್ಥ ಸೇರಿಸಿರುತ್ತಾರೆ. ಅದು ಮೆಲ್ಲಗೆ ಹೊರಗೆ ಬಂದು, ತಾಗಿಕೊಂಡಿರುವ ಪಾಲಿಸ್ಟೈರೀನನ್ನು ಕರಗಿಸುತ್ತದೆ. ರಬ್ಬರ್ ಬ್ಯಾಂಡ್, ಪಿವಿಸಿ ಚೀಲ, ದೀಪದ ಹಳೇ ವೈರು ಎಲ್ಲಾ ಇದೇ ಕೆಲಸ ಮಾಡುತ್ತವೆ. ಯಾವುದೂ ಸಾಮಾನಿಗೆ ತಾಗದ ಹಾಗೆ ಇಡಿ.

ಮುರಿದಕುರ್ಚಿ

ಈಗ ಕೆಲಸದ ಮಾತು. ತೊಳೆಯುವುದಕ್ಕೆ ಉಗುರುಬೆಚ್ಚಗಿನ ನೀರೂ ಬೇಕಿಲ್ಲ, ತಣ್ಣೀರು ಸಾಕು. ಪಾತ್ರೆ ತೊಳೆಯುವ ಮೆದು ಲಿಕ್ವಿಡ್ ಒಂದು ಹನಿ, ಮೆತ್ತನೆ ಕುಂಚ. ಮೂಲೆಯ ಕಪ್ಪು ಕೊಳೆಯನ್ನು ತಿಕ್ಕಬೇಡಿ, ಒದ್ದೆ ಹತ್ತಿ ಸುತ್ತಿದ ಕಡ್ಡಿಯಿಂದ ಉರುಳಿಸಿ ತೆಗೆಯಿರಿ. ಸಾಮಾನಿನ ಮೇಲೆ ಚಿನ್ನದ ಬಣ್ಣದ ಗೆರೆ, ಬಳಿದ ಹೂವು ಇದ್ದರೆ ಅಲ್ಲಿ ಕುಂಚ ಬೇಡ, ಆ ಬಣ್ಣ ಸುಲಭವಾಗಿ ಎದ್ದು ಬರುತ್ತದೆ.

ಕಲೆ ತೆಗೆಯುವ ಬಿಳಿ ಸ್ಪಂಜು ಇದೆಯಲ್ಲ, ಅದು ನೋಡಲು ಮೆತ್ತಗಿದ್ದರೂ ಸಣ್ಣ ಸ್ಯಾಂಡ್ ಪೇಪರ್ ಇದ್ದಂತೆ. ಹೊಳಪು ಹೋಗುತ್ತದೆ, ಮತ್ತೆ ಬರುವುದಿಲ್ಲ. ನೇಲ್ ಪಾಲಿಶ್ ರಿಮೂವರ್, ಥಿನ್ನರ್, ಪೆಟ್ರೋಲ್ ಇವುಗಳ ಹೆಸರೇ ಎತ್ತಬೇಡಿ. ಬೆಲೆ ಚೀಟಿಯ ಅಂಟು ತೆಗೆಯಲು ಕಿತ್ತಳೆ ಸಿಪ್ಪೆ ಎಣ್ಣೆಯಿಂದ ಮಾಡಿದ ದ್ರವ ಸಿಗುತ್ತದೆ. ನೈಸರ್ಗಿಕ ಅಂತ ಬರೆದಿರುತ್ತಾರೆ, ಆದರೆ ಅದರಲ್ಲಿರುವ ಲಿಮೋನೀನ್ ಪಾಲಿಸ್ಟೈರೀನನ್ನು ಕರಗಿಸುತ್ತದೆ. ಅಡುಗೆ ಎಣ್ಣೆಯೂ ಬೇಡ, ಅಚ್ಚು ಹೊಯ್ಯುವಾಗಿನ ಎಳೆತ ಒಳಗೇ ಉಳಿದಿರುವ ಹಳೇ ಸಾಮಾನಿನಲ್ಲಿ ಅದರಿಂದ ಕೂದಲಿನಂಥ ಬಿರುಕು ಏಳಬಹುದು.

ಕುರ್ಚಿ ಕಾಲು ಗಟ್ಟಿ ಪ್ಲಾಸ್ಟಿಕ್ ಆಗಿದ್ದರೆ ಖಂಡಿತ ಸರಿ ಮಾಡಬಹುದು, ಅದೂ ಕಾಣದ ಹಾಗೆ. ಪ್ಲಾಸ್ಟಿಕ್ ಮಾಡೆಲ್ ಕಟ್ಟುವವರು ಬಳಸುವ ತೆಳು ಸಿಮೆಂಟ್ ತನ್ನಿ. ಅದು ಅಂಟಲ್ಲ, ಎರಡೂ ಬದಿಯ ಪ್ಲಾಸ್ಟಿಕ್ಕನ್ನು ಸ್ವಲ್ಪ ಕರಗಿಸಿ ಒಂದು ಮಾಡುತ್ತದೆ. ಮುರಿದ ಮುಖವನ್ನು ಉಜ್ಜಬೇಡಿ, ನಯ ಮಾಡಬೇಡಿ. ಆ ಏರುತಗ್ಗೇ ನಿಮಗೆ ಸರಿಯಾದ ಜಾಗ ತೋರಿಸುತ್ತದೆ. ಒಣಗಿದ ಚೂರನ್ನು ಕೂರಿಸಿ ಹಿಡಿದುಕೊಂಡು, ತೀರಾ ಸಣ್ಣ ಕುಂಚದ ತುದಿಯನ್ನು ಸಿಮೆಂಟಿಗೆ ಅದ್ದಿ, ಸಂದಿಯ ಒಳಭಾಗದಿಂದ, ಕಾಣದ ಕಡೆಯಿಂದ ಮುಟ್ಟಿಸಿ. ದ್ರವ ತಾನಾಗಿ ಸಂದಿಯೊಳಗೆ ಓಡುತ್ತದೆ, ಕಣ್ಣಿಗೆ ಕಾಣುತ್ತದೆ. ಮುಟ್ಟಿಸಿದ ತಕ್ಷಣ ಕುಂಚ ತೆಗೆಯಿರಿ. ಬೆರಳು ಸಂದಿಯ ಮೇಲೆ ಇರಬಾರದು, ದ್ರವ ಬೆರಳಿನಡಿಗೆ ನುಗ್ಗಿದರೆ ನಿಮ್ಮ ಬೆರಳಚ್ಚು ಕುರ್ಚಿಯ ಮೇಲೆ ಶಾಶ್ವತವಾಗಿ ಉಳಿಯುತ್ತದೆ. ಮೆಲ್ಲಗೆ ಒತ್ತಿ ಹಿಡಿದು, ಆಮೇಲೆ ಒಂದು ಇಡೀ ದಿನ ಮುಟ್ಟದೆ ಬಿಡಿ. ಕಿಟಕಿ ತೆರೆದುಕೊಂಡು ಮಾಡಿ, ಸಿಮೆಂಟಿನ ಆವಿ ಒಳ್ಳೆಯದಲ್ಲ.

ಸೂಪರ್ ಗ್ಲೂ ಬೇಡ. ಒಣಗುವಾಗ ಅದರ ಆವಿ ಸುತ್ತಲೂ ಬಿಳಿ ಮಂಜಿನ ಹಾಗೆ ಕೂರುತ್ತದೆ. ಗಾಢ ಬಣ್ಣದ ಸಾಮಾನಿನಲ್ಲಿ, ಗಾಜಿನಂತೆ ಪಾರದರ್ಶಕ ಇರುವುದರಲ್ಲಿ ಎದ್ದು ಕಾಣುತ್ತದೆ.

ಮೆತ್ತನೆ ಪಾಲಿಎಥಿಲೀನ್ ಮುರಿದಿದ್ದರೆ ಈ ಯಾವ ಅಂಟೂ ಹಿಡಿಯುವುದಿಲ್ಲ, ಬಣ್ಣವೂ ನಿಲ್ಲುವುದಿಲ್ಲ. ಎರಡೂ ಬದಿಗೆ ಸೂಜಿಯಷ್ಟು ತೂತು ಕೊರೆದು ಸಣ್ಣ ತಂತಿ ಕೂರಿಸುವುದೇ ದಾರಿ. ಆದರೆ ಅದರಲ್ಲಿ ಒಂದು ಅನುಕೂಲವೂ ಇದೆ. ಕಾಲು ಸೊಟ್ಟಗಾಗಿದ್ದರೆ ಬಿಸಿನೀರಲ್ಲಿ ಸ್ವಲ್ಪ ಹೊತ್ತು ಇಟ್ಟು, ನೆಟ್ಟಗೆ ಮಾಡಿ ಹಿಡಿದು, ಹಾಗೇ ತಣ್ಣೀರಿಗೆ ಇಳಿಸಿ. ಎಷ್ಟೋ ಸಲ ಸರಿಹೋಗುತ್ತದೆ. ಗಟ್ಟಿ ಪ್ಲಾಸ್ಟಿಕ್‌ಗೆ ಇದನ್ನು ಮಾಡಬೇಡಿ.

ಹಳದಿ ಸಾಮಾನಿಗೆ ಹೈಡ್ರೋಜನ್ ಪೆರಾಕ್ಸೈಡ್ ಹಚ್ಚಿ ಬಿಸಿಲಿಗೆ ಇಡುವುದು ಕೆಲಸ ಮಾಡುತ್ತದೆ. ಫ್ರಿಜ್, ಒಲೆ ಬೆಳ್ಳಗಾಗಿದ್ದನ್ನು ನೋಡಿದರೆ ಮನಸ್ಸು ತುಂಬುತ್ತದೆ. ಕೈಗೆ ಗ್ಲೌಸ್, ಕಣ್ಣಿಗೆ ಕನ್ನಡಕ ಹಾಕಿಕೊಂಡೇ ಮಾಡಿ.

ನಿಧಾನಗಾರ

ಕುರ್ಚಿ ಬಗ್ಗೆ ಪೂರ್ತಿ ಒಪ್ಪುತ್ತೇನೆ. ಪೆರಾಕ್ಸೈಡ್ ಬಗ್ಗೆ ಒಪ್ಪುವುದಿಲ್ಲ. ಅದು 2008ರ ಸುಮಾರಿಗೆ ಹಳೇ ಕಂಪ್ಯೂಟರ್ ಪ್ರಿಯರಲ್ಲಿ ಶುರುವಾದ ಪದ್ಧತಿ, ಅವರ ಡಬ್ಬಗಳು ಎಬಿಎಸ್ ಪ್ಲಾಸ್ಟಿಕ್, ದಪ್ಪ. ನಮ್ಮ ಸಾಮಾನು ತೆಳ್ಳಗಿನ ಪಾಲಿಸ್ಟೈರೀನ್. ಹಳದಿ ಬಣ್ಣ ಪ್ಲಾಸ್ಟಿಕ್ಕಿನ ಮೇಲಿನ ಪದರವೇ ಬದಲಾಗಿರುವುದರ ಗುರುತು. ಅದನ್ನು ಬಿಳುಪು ಮಾಡಿದರೆ ಹಳೆಯ ಪ್ಲಾಸ್ಟಿಕ್ ವಾಪಸ್ ಬಂದ ಹಾಗಲ್ಲ. ಪಾಲಿಸ್ಟೈರೀನನ್ನು ಹಳದಿ ಮಾಡಿ ಪೆಡಸು ಮಾಡುವುದೇ ಬಿಸಿಲು, ಈಗ ಅದೇ ಬಿಸಿಲಿಗೆ ಮತ್ತೆ ಇಡುತ್ತೇವೆ. ಕೆಲವು ಕಾಲದ ಮೇಲೆ ಹಳದಿ ತಿರುಗಿ ಬರುತ್ತದೆ. ದ್ರವ ಒಂದೇ ಸಮ ಹರಡದಿದ್ದರೆ ಪಟ್ಟೆ ಪಟ್ಟೆ ಬೀಳುತ್ತದೆ. ಎರಡು ಬಣ್ಣ ಕಲಸಿದ, ಅಮೃತಶಿಲೆ ಥರ ಗೆರೆ ಇರುವ ಸಾಮಾನಿನಲ್ಲಂತೂ ಆ ಗೆರೆಯೇ ಮಾಸಬಹುದು.

ಸಮವಾಗಿ ಹಳದಿಯಾದ ಅಡುಗೆಮನೆ ಸೆಟ್ಟು ನೋಡಲು ಚೆನ್ನಾಗಿಯೇ ಇರುತ್ತದೆ. ಒಂದೇ ಬಣ್ಣಕ್ಕೆ ತಿರುಗಿದವನ್ನು ಒಂದೇ ಕೋಣೆಯಲ್ಲಿ ಇಡಿ, ಬಿಸಿಲಿಂದ ದೂರ ಇಡಿ.

ಮುರಿದಕುರ್ಚಿ

ಪಟ್ಟೆ ಬೀಳುವುದು ನಿಜ, ಅದಕ್ಕೇ ಹಚ್ಚುವುದಕ್ಕಿಂತ ಮುಳುಗಿಸುವುದು ಮೇಲು. ತಿರುಗಿ ಹಳದಿಯಾಗುವುದೂ ನಿಜ. ಆದರೂ ಒಂದೇ ಫ್ರಿಜ್ಜಿನ ಬಾಗಿಲು ಬೆಳ್ಳಗಿದ್ದು ಮೈ ಮಾತ್ರ ಕಂದು ಹಳದಿ ಆಗಿದ್ದರೆ, ಅದೂ ಬೇರೆ ಕಡೆ ಸುಲಭವಾಗಿ ಸಿಗುವ ಸಾಮಾನಾಗಿದ್ದರೆ, ನಾನು ಮಾಡುತ್ತೇನೆ. ಅಪರೂಪದ್ದನ್ನು ಮುಟ್ಟುವುದಿಲ್ಲ. ಪುಟ್ಟಕೋಣೆ ಅವರೇ, ಮೊದಲ ಸಲ ಮಾಡುವವರು ನೀವು, ಹಾಗಾಗಿ ಈಗ ಬಿಟ್ಟುಬಿಡಿ. ಹಳದಿ ಎಲ್ಲಿಗೂ ಓಡಿಹೋಗುವುದಿಲ್ಲ.

ತಗಡುಮನೆ

ಎಲ್ಲರೂ ಸಾಮಾನಿನ ಬಗ್ಗೆಯೇ ಹೇಳಿದಿರಿ, ಮನೆಯನ್ನು ಮರೆತಿರಿ. ತಗಡಿನ ಮನೆಗೆ ನೀರು ಶತ್ರು. ಗೋಡೆಗಳನ್ನು ಜೋಡಿಸಿರುವುದು ಸಣ್ಣ ತಗಡಿನ ನಾಲಿಗೆಗಳನ್ನು ಸಂದಿಯಲ್ಲಿ ತೂರಿಸಿ ಮಡಚಿ. ನೀರು ಆ ಸಂದಿಯೊಳಗೆ ನಿಂತರೆ ಒಳಗಿಂದ ತುಕ್ಕು ಬರುತ್ತದೆ, ಹೊರಗೆ ಕಾಣುವಷ್ಟರಲ್ಲಿ ತಡವಾಗಿರುತ್ತದೆ. ಮೊದಲು ಒಣ ಮೆತ್ತನೆ ಕುಂಚದಿಂದ ಧೂಳು ತೆಗೆಯಿರಿ. ಆಮೇಲೆ ಹಿಂಡಿದ ಬಟ್ಟೆಯಿಂದ ಸ್ವಲ್ಪ ಸ್ವಲ್ಪ ಜಾಗ ಒರೆಸಿ, ಒಡನೆ ಒಣಬಟ್ಟೆ. ಮೊದಲು ಕಾಣದ ಮೂಲೆಯಲ್ಲಿ ನೋಡಿ, ಬಟ್ಟೆಗೆ ಬಣ್ಣ ಹತ್ತಿದರೆ ಅಲ್ಲಿಗೇ ನಿಲ್ಲಿಸಿ.

ತುಕ್ಕು ತೆಗೆಯುವ ದ್ರವ ಯಾವುದನ್ನೂ ಬಳಸಬೇಡಿ. ಚುಕ್ಕೆಯಷ್ಟು ತುಕ್ಕಿನ ಜೊತೆ ಅಂಗೈಯಷ್ಟು ಚಿತ್ರವೂ ಹೋಗುತ್ತದೆ. ಆ ಅಚ್ಚಿನ ಪರದೆ, ಜಮಖಾನ, ಪುಸ್ತಕದ ಕಪಾಟು ಇವೇ ಆ ಮನೆಯ ಜೀವ, ಒಮ್ಮೆ ಹೋದರೆ ಯಾರೂ ಮತ್ತೆ ಬಿಡಿಸಿ ಕೊಡಲಾರರು. ಒರೆಸಿ ಒಣಗಿದ ಮೇಲೆ ಮೈಕ್ರೋಕ್ರಿಸ್ಟಲೈನ್ ಮೇಣ (ಪೆಟ್ರೋಲಿಯಂನಿಂದ ತೆಗೆದ ನುಣುಪು ಮೇಣ) ತೆಳ್ಳಗೆ ಹಚ್ಚಿದರೆ ತೇವ ತಡೆಯುತ್ತದೆ, ಮ್ಯೂಸಿಯಂಗಳಲ್ಲೂ ಇದನ್ನು ಬಳಸುತ್ತಾರೆ.

ಇನ್ನೊಂದು, ಒಳಗೆ ಚೆನ್ನಾಗಿ ಒರೆಸೋಣ ಅಂತ ಮನೆಯನ್ನು ಬಿಚ್ಚಬೇಡಿ. ಆ ನಾಲಿಗೆಗಳು ಪ್ರತಿ ಸಲ ಮಡಚಿ ಬಿಡಿಸಿದಾಗಲೂ ದುರ್ಬಲವಾಗುತ್ತವೆ, ಕೊನೆಗೆ ತುಂಡಾಗುತ್ತವೆ. ಅಂಚುಗಳು ಚೂಪು, ಕೈ ಜೋಪಾನ.

ಹೊಸಬಳು

ನಡುವೆ ಬಂದಿದ್ದಕ್ಕೆ ಬೇಸರ ಬೇಡ, ನನ್ನ ಹತ್ತಿರ ಐಡಿಯಲ್ ಕಂಪನಿಯ ಪೆಟೀಟ್ ಪ್ರಿನ್ಸೆಸ್ ಅನ್ನುವ ಗೊಂಬೆಮನೆ ಸಾಮಾನು ಕೆಲವು ಇವೆ. ಕುರ್ಚಿಗೆ ಸ್ಯಾಟಿನ್ ಬಟ್ಟೆ, ಕಾಲಿಗೆ ಚಿನ್ನದ ಬಣ್ಣ. ಅದನ್ನೂ ಹೀಗೇ ತೊಳೆಯಬಹುದಾ? ಮಗಳು ಆಡಲು ಕೇಳುತ್ತಿದ್ದಾಳೆ, ಕೊಡಬಹುದಾ?

ಅಚ್ಚುಗುರುತು

ತೊಳೆಯಬೇಡಿ! ಅದು 1964ರಲ್ಲಿ ಬಂದ ಸರಣಿ, ಮುಕ್ಕಾಲು ಇಂಚಿನ ಅಳತೆ. ಅದರ ಅಂದವೇ ಬಟ್ಟೆ ಮತ್ತು ಚಿನ್ನದ ಲೇಪ. ನೀರು ತಾಗಿದರೆ ಸ್ಯಾಟಿನ್ ಮೇಲೆ ಉಂಗುರದಂಥ ಕಲೆ ನಿಲ್ಲುತ್ತದೆ. ಒಣ ಕುಂಚ ಮಾತ್ರ. ಡಬ್ಬಿ ಇದ್ದರೆ ಅದನ್ನೂ ಜೋಪಾನ ಮಾಡಿ.

ಮಗಳ ವಿಷಯ. ತೀರಾ ಚಿಕ್ಕವಳಾದರೆ ಕೊಡಬೇಡಿ. ಹಳೇ ಕೆಂಪು, ಹಳದಿ ಪ್ಲಾಸ್ಟಿಕ್‌ಗಳಲ್ಲಿ ಕ್ಯಾಡ್ಮಿಯಂ ಬಣ್ಣ ಇರಬಹುದು, ಮೇಲೆ ಬಳಿದ ಬಣ್ಣದಲ್ಲಿ ಸೀಸ ಇರಬಹುದು. ಬಾಯಿಗೆ ಹಾಕಿದರೆ ಅಪಾಯ. ಹಳೇ ಪಾಲಿಸ್ಟೈರೀನ್ ಬಿದ್ದರೆ ಚೂಪಾಗಿ ಒಡೆಯುತ್ತದೆ ಕೂಡ. ದೊಡ್ಡವಳಾಗಿದ್ದರೆ ನೀವು ಪಕ್ಕದಲ್ಲಿ ಕೂತು ಜೊತೆಯಾಗಿ ಜೋಡಿಸಿ, ಆಮೇಲೆ ಇಬ್ಬರೂ ಕೈ ತೊಳೆಯಿರಿ. ಈ ಆಸಕ್ತಿ ಮುಂದಿನವರಿಗೆ ದಾಟುವುದು ಹಾಗೇ.

ಪುಟ್ಟಕೋಣೆ

ಎಲ್ಲರಿಗೂ ತುಂಬಾ ಧನ್ಯವಾದ. ಇಷ್ಟು ವಿವರವಾಗಿ ಹೇಳುತ್ತೀರಿ ಅಂತ ಅಂದುಕೊಂಡಿರಲಿಲ್ಲ. ಹುಳಿ ಮೇಜನ್ನು ಬೇರೆ ಇಟ್ಟೆ. ಉಪ್ಪುನೀರಿನ ಪರೀಕ್ಷೆಯಲ್ಲಿ ಇನ್ನೊಂದು ಸಾಮಾನೂ ಮುಳುಗಿತು, ಗುರುತಿಲ್ಲದ ಒಂದು ಪುಟ್ಟ ರೇಡಿಯೋ. ಅದರಿಂದ ವಾಸನೆ ಇನ್ನೂ ಬಂದಿಲ್ಲ. ಮೇಜುಗಳನ್ನು ಅಳೆದರೆ ಒಂದು 4.6, ಇನ್ನೊಂದು 3.2. ಮನೆಯ ಬಾಗಿಲಿಗೆ ಚಿಕ್ಕ ಗುಂಪೇ ಹೊಂದುತ್ತದೆ. ಅಂದರೆ ರೆನ್ವಾಲ್ ಸಾಮಾನಿಗೆ ಬೇರೆ ಮನೆ ಹುಡುಕಬೇಕು!

ಕುರ್ಚಿ ಕಾಲು ಕೂತಿತು. ಮುರಿದಕುರ್ಚಿ ಅವರು ಹೇಳಿದ ಹಾಗೆ ಸಿಮೆಂಟ್ ಸಂದಿಯೊಳಗೆ ಓಡುವುದು ಕಣ್ಣಿಗೇ ಕಂಡಿತು. ಈಗ ಬೆಳಕಿಗೆ ಹಿಡಿದು ಹುಡುಕಿದರೆ ಮಾತ್ರ ಗೆರೆ ಕಾಣುತ್ತದೆ.

ಎರಡು ಪ್ರಶ್ನೆ ಉಳಿದಿವೆ. ಸೋಫಾ ಮೇಲಿನ ಅಚ್ಚನ್ನು ತುಂಬಿಸಿ ನಯ ಮಾಡಬಹುದಾ? ಆ ರೇಡಿಯೋವನ್ನು ಹುಳಿ ಮೇಜಿನ ಜೊತೆ ಇಡಬಹುದಾ? ಎರಡೂ ಅಸಿಟೇಟೇ ಅಲ್ವಾ?

ಮುರಿದಕುರ್ಚಿ

ಸೋಫಾಗೆ ನಾನಾದರೆ ಕೈ ಹಾಕುವುದಿಲ್ಲ. ತುಂಬಿಸಿ, ಉಜ್ಜಿ, ಬಣ್ಣ ಬಳಿಯಬೇಕಾಗುತ್ತದೆ, ಆಗ ಇಡೀ ಆಸನದ ಮೂಲ ಹೊಳಪು ಹೋಗುತ್ತದೆ. ಅಚ್ಚು ಇನ್ನೂ ಅಂಟಂಟಾಗಿದ್ದರೆ ಸೋಪುನೀರಿನ ಬಟ್ಟೆಯಿಂದ ಒರೆಸಿ ಒಣಗಿಸಿ, ಗಾಳಿಗೆ ಬಿಡಿ. ಮನೆಯಲ್ಲಿ ಇಡುವಾಗ ಅದರ ಮೇಲೆ ಒಂದು ಪುಟ್ಟ ಹತ್ತಿಬಟ್ಟೆ ಹಾಸಿದರೆ ಮುಗಿಯಿತು. ಯಾವುದಾದರೂ ಭಾಗ ಪೂರ್ತಿ ಕಳೆದುಹೋಗಿದ್ದರೆ ಸಿಲಿಕೋನ್ ಅಚ್ಚು ತೆಗೆದು ರೆಸಿನ್‌ನಲ್ಲಿ ಎರಕ ಹೊಯ್ಯಬಹುದು, ತ್ರೀಡಿ ಪ್ರಿಂಟ್ ಕೂಡ ಮಾಡಬಹುದು. ಆದರೆ ಹೊಸ ಭಾಗದ ಅಡಿಯಲ್ಲಿ ಹೊಸದು ಅಂತ ಗುರುತು ಹಾಕಲೇಬೇಕು. ನಾಳೆ ಅದು ಬೇರೆಯವರ ಕೈಗೆ ಹೋದಾಗ ಅವರಿಗೆ ಗೊತ್ತಾಗಬೇಕು.

ನಿಧಾನಗಾರ

ರೇಡಿಯೋವನ್ನು ಮೇಜಿನ ಜೊತೆ ಇಡಬೇಡಿ. ಎರಡೂ ಒಂದೇ ಪ್ಲಾಸ್ಟಿಕ್ ಆಗಿರುವುದರಿಂದಲೇ ಇಡಬಾರದು, ಮೇಜಿನ ಆಮ್ಲ ಮೊದಲು ಹಿಡಿಯುವುದು ರೇಡಿಯೋವನ್ನೇ. ಎರಡನ್ನೂ ಬೇರೆ ಬೇರೆ ರಟ್ಟಿನ ಡಬ್ಬಿಯಲ್ಲಿ, ಮುಚ್ಚಳ ಸಡಿಲವಾಗಿ ಇಡಿ. ಫಿಲ್ಮ್ ಸಂಗ್ರಹಾಲಯಗಳಲ್ಲಿ ಬಳಸುವ ಆಮ್ಲ ತೋರಿಸುವ ಕಾಗದದ ಪಟ್ಟಿ ಸಿಕ್ಕರೆ ರೇಡಿಯೋ ಡಬ್ಬಿಯಲ್ಲಿ ಒಂದು ಹಾಕಿ. ನೀಲಿಯಾಗಿದ್ದರೆ ಚಿಂತೆ ಇಲ್ಲ. ಹಸಿರಿಗೆ ತಿರುಗಿದರೆ ಶುರುವಾಗಿದೆ ಅಂತ, ಹಳದಿಯಾದರೆ ಜೋರಾಗಿದೆ ಅಂತ. ಮೂಗಿಗೆ ಗೊತ್ತಾಗುವ ಮೊದಲೇ ಪಟ್ಟಿ ಹೇಳುತ್ತದೆ.

ಇನ್ನು ಮೇಜಿನ ಫೋಟೋ ಈಗಲೇ ಎಲ್ಲಾ ಕಡೆಯಿಂದ ತೆಗೆದು, ಅಳತೆಯನ್ನೂ ಬರೆದಿಡಿ. ಅದು ಇನ್ನೂ ಸೊಟ್ಟಗಾಗುತ್ತಾ ಹೋಗುತ್ತದೆ. ಮುಂದೆ ಅದರ ಜೋಡಿ ಕುರ್ಚಿ ಹುಡುಕುವಾಗ ಈ ಫೋಟೋ, ಈ ಅಳತೆ ಬೇಕಾಗುತ್ತವೆ.